ಹೆಬ್ಬೆರಳಿನ ಉಗುರು ಮಾಂಸಕ್ಕೆ ಇಳಿದರೆ: ಹತ್ತಿಯೋ, ಪಟ್ಟಿಯೋ, ಕತ್ತರಿಯೋ?

ಕಾಸರಗೋಡು ಕಡೆಯ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಮದ್ದಿನಂಗಡಿಯ ಮುಂದೆ ನಿಂತು ಕಾಲಿನ ಹೆಬ್ಬೆರಳು ತೋರಿಸಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: ಮಲಯಾಳದಲ್ಲಿ ‘ಕುಳಿನಖಂ’, ಕನ್ನಡದಲ್ಲಿ ‘ಉಗುರುಸುತ್ತು’. ಹೆಸರು ಒಂದಾದರೂ ಅದರಡಿಯಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಮುಲಾಮು ಹಚ್ಚಿಯೂ ಗುಣವಾಗದ ಬೆರಳುಗಳಲ್ಲಿ ಎಷ್ಟೋ ಈ ಹೆಸರಿನ ಗೊಂದಲದಲ್ಲೇ ಸಿಕ್ಕಿಬಿದ್ದವು.

ಮೊದಲನೆಯದು ನಿಜವಾದ ಉಗುರುಸುತ್ತು: ನೀರು, ಕೆಸರು, ಸಾಬೂನಿನಲ್ಲಿ ನೆನೆದ ಬೆರಳಿನಲ್ಲಿ ಉಗುರಿನ ಬುಡ ಮತ್ತು ಸುತ್ತಲಿನ ಚರ್ಮ ಬಾತುಕೊಂಡು ಕೀವು ತುಂಬುವುದು. ಎರಡನೆಯದು ಫಂಗಸ್: ಉಗುರು ಹಳದಿಯಾಗಿ, ದಪ್ಪವಾಗಿ, ತುದಿಯಲ್ಲಿ ಪುಡಿಪುಡಿಯಾಗಿ ಉದುರುವುದು, ಇದರಲ್ಲಿ ನೋವು ಅಷ್ಟಿರುವುದಿಲ್ಲ. ಮೂರನೆಯದು ಉಗುರಿನ ಅಂಚು ಪಕ್ಕದ ಮಾಂಸದೊಳಗೆ ಇಳಿಯುವುದು. ಇಲ್ಲಿ ಹೇಳುವುದೆಲ್ಲ ಈ ಮೂರನೆಯದರ ಬಗ್ಗೆ. ಇದರ ಗುರುತು ಸುಲಭ. ನೋವು ಉಗುರಿನ ಬುಡದಲ್ಲಲ್ಲ, ಪಕ್ಕದಲ್ಲಿ. ಬೆರಳಿನ ಬದಿಯನ್ನು ಮೆಲ್ಲಗೆ ಒತ್ತುತ್ತ ಹೋದರೆ ಒಂದು ಬಿಂದುವಿನಲ್ಲಿ ಪ್ರಾಣ ಹೋದಂತಾಗುತ್ತದೆ. ರಾತ್ರಿ ಹೊದಿಕೆ ತಾಗಿದರೂ ಸಾಕು. ಹೆಚ್ಚು ಕಡಿಮೆ ಯಾವಾಗಲೂ ಹೆಬ್ಬೆರಳೇ.

ಒಳಗೆ ನಡೆಯುವುದೇನು

ಉಗುರಿನ ಮೂಲೆಯನ್ನು ದುಂಡಗೆ, ಆಳಕ್ಕೆ ಕತ್ತರಿಸಿದಾಗ ಕತ್ತರಿಯ ಬಾಯಿ ಸಿಗದ ಒಳತುದಿಯಲ್ಲಿ ಸಣ್ಣದೊಂದು ಚೂಪು ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಉಗುರು ಬೆಳೆಯುತ್ತ ಮುಂದೆ ಬಂದಂತೆ ಆ ಚೂಪು ಮುಳ್ಳಿನ ಹಾಗೆ ಮಾಂಸಕ್ಕೆ ನಾಟುತ್ತದೆ. ಮೈ ಅದನ್ನು ಹೊರಗಿನ ವಸ್ತುವೆಂದೇ ತಿಳಿದು ಬಾವು, ಕೀವು ತರಿಸುತ್ತದೆ. ಬಾತ ಮಾಂಸ ಉಗುರಿನ ಮೇಲೆ ಇನ್ನಷ್ಟು ಒತ್ತುತ್ತದೆ, ಮುಳ್ಳು ಇನ್ನಷ್ಟು ಒಳಗೆ ಹೋಗುತ್ತದೆ. ನೋವು ತಾಳಲಾರದೆ ಮನೆಯಲ್ಲಿ ಮತ್ತೆ ಮೂಲೆ ಕತ್ತರಿಸುತ್ತಾರೆ. ನಾಲ್ಕು ದಿನ ಹಾಯೆನಿಸುತ್ತದೆ, ಆದರೆ ಹೊಸ ಚೂಪು ಮೊದಲಿಗಿಂತ ಆಳದಲ್ಲಿ ಉಳಿದಿರುತ್ತದೆ. ಮೂರು ವಾರದಲ್ಲಿ ಅದೇ ಕಥೆ.

ಆದ್ದರಿಂದ ಯಾವ ಉಪಾಯವನ್ನೇ ಆಗಲಿ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಇದು ಮುಳ್ಳನ್ನು ಮಾಂಸದಿಂದ ಬೇರೆ ಮಾಡುತ್ತದೆಯೇ? ಲಿಂಬೆಹಣ್ಣಿಗೆ ತೂತು ಮಾಡಿ ಬೆರಳು ತೂರಿಸುವುದು, ಮದರಂಗಿ ಅರಸಿನ ಅರೆದು ಕಟ್ಟುವುದು, ಆ್ಯಂಟಿಬಯೋಟಿಕ್ ಮುಲಾಮು, ಆ್ಯಂಟಿಬಯೋಟಿಕ್ ಮಾತ್ರೆ ಇವು ಯಾವುವೂ ಮಾಡುವುದಿಲ್ಲ. ಮಾತ್ರೆಯಿಂದ ಕೀವು ಇಳಿಯಬಹುದು. ಮುಳ್ಳು ಒಳಗೇ ಇದ್ದರೆ ಮಾತ್ರೆ ಮುಗಿದ ಕೆಲವೇ ದಿನಕ್ಕೆ ಬಾವು ಮತ್ತೆ ಏಳುತ್ತದೆ. ಲಿಂಬೆಯ ಹುಳಿ ಒಡೆದ ಚರ್ಮವನ್ನು ಸುಡುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್, ಫಂಗಸ್ ಮದ್ದು, ಆ್ಯಂಟಿಬಯೋಟಿಕ್ ಮೂರೂ ಬೆರೆತ ಮುಲಾಮುಗಳನ್ನು ಕೀವಿರುವ ಬೆರಳಿಗೆ ಹಚ್ಚಲೇಬೇಡಿ. ಕೆಂಪು ಇಳಿದಂತೆ ಕಾಣುತ್ತದೆ, ಸೋಂಕು ಅಡಿಯಲ್ಲಿ ಹಬ್ಬುತ್ತಿರುತ್ತದೆ.

ಉಗುರಿನ ನಡುವೆ ‘ವಿ’ ಆಕಾರದಲ್ಲಿ ಕಚ್ಚು ಹಾಕಿದರೆ ಬದಿಗಳು ಒಳಕ್ಕೆ ಎಳೆದುಕೊಳ್ಳುತ್ತವೆ ಎಂಬ ನಂಬಿಕೆಯೂ ಇದೆ. ಉಗುರು ಬೆಳೆಯುವುದು ಬುಡದಿಂದ. ತುದಿಯ ಕಚ್ಚು ಬುಡಕ್ಕೆ ತಿಳಿಯುವುದೇ ಇಲ್ಲ.

ಮೊದಲು ನಿಮ್ಮ ಬೆರಳು ಯಾವ ಹಂತದಲ್ಲಿದೆ ನೋಡಿ

ವೈದ್ಯರು ಇದನ್ನು ಮೂರು ಹಂತವಾಗಿ ನೋಡುತ್ತಾರೆ. ಬದಿ ಕೆಂಪಾಗಿ, ಸ್ವಲ್ಪ ಬಾತು, ಒತ್ತಿದರೆ ನೋವು: ಇದು ಮೊದಲ ಹಂತ. ನೀರು ಅಥವಾ ಕೀವು ಒಸರುತ್ತ, ಬೆರಳು ಮಿಡಿಯುತ್ತಿದ್ದರೆ ಎರಡನೆಯದು. ಉಗುರಿನ ಪಕ್ಕದಲ್ಲಿ ದಾಳಿಂಬೆ ಕಾಳಿನ ಬಣ್ಣದ, ತಾಗಿದರೆ ರಕ್ತ ಬರುವ ಹಸಿ ಮಾಂಸ ಬೆಳೆದು ಉಗುರನ್ನೇ ಮುಚ್ಚತೊಡಗಿದ್ದರೆ ಮೂರನೆಯದು. ಮನೆಯ ಆರೈಕೆ ಮೊದಲನೆಯದಕ್ಕೆ. ಎರಡನೆಯದರ ಆರಂಭದಲ್ಲಿ ವೈದ್ಯರಿಗೆ ತೋರಿಸಿಕೊಂಡು ಅದನ್ನೇ ಮುಂದುವರಿಸಬಹುದು. ಮೂರನೆಯದರಲ್ಲಿ ಮನೆಯಲ್ಲಿ ಮಾಡಿದಷ್ಟೂ ದಿನ ಹಾಳು.

ಈ ಲೆಕ್ಕದಿಂದ ಹೊರಗೆ ನಿಲ್ಲಬೇಕಾದವರೂ ಇದ್ದಾರೆ. ಸಕ್ಕರೆ ಕಾಯಿಲೆ ಇರುವವರು, ಕಾಲಿಗೆ ರಕ್ತ ಓಡಾಟ ಕಡಿಮೆ ಇರುವವರು, ಪಾದದಲ್ಲಿ ಸ್ಪರ್ಶ ತಿಳಿಯದವರು ಮೊದಲ ದಿನವೇ ವೈದ್ಯರ ಬಳಿಗೆ ಹೋಗಬೇಕು. ಹತ್ತಿ ಇಡುವುದನ್ನೂ ಮನೆಯಲ್ಲಿ ಮಾಡಬಾರದು. ಹಲವು ವರ್ಷ ಬೀಡಿ, ಸಿಗರೇಟು ಸೇದಿದವರ ಕಾಲಿನ ರಕ್ತನಾಳಗಳು ಕಟ್ಟಿಕೊಂಡಿರಬಹುದು. ನಡೆದರೆ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವುದು, ಬೆರಳು ತಣ್ಣಗೆ ನೀಲಿಯಾಗುವುದು ಇದರ ಸೂಚನೆ. ಅಂಥ ಬೆರಳಿನಲ್ಲಿ ಸಣ್ಣ ಗಾಯವೂ ಮಾಯದೆ ಕಪ್ಪಾಗಬಹುದು.

ಹತ್ತಿ: ಅಗ್ಗ, ಆದರೆ ತಾಳ್ಮೆ ಬೇಕು

ಮೊದಲ ಹಂತಕ್ಕೆ ನಾವು ಮೊದಲು ಹೇಳುವುದು ಇದನ್ನೇ. ಒಂದು ಬಾಲ್ದಿಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಪಾದವನ್ನು 15 ನಿಮಿಷ ಮುಳುಗಿಸಿ. ಬರೀ ನೀರಾದರೂ ಆಗುತ್ತದೆ, ಒಂದು ಹಿಡಿ ಉಪ್ಪು ಹಾಕಿದರೂ ಆಗುತ್ತದೆ. ಕೆಲಸ ಮಾಡುವುದು ನೆನೆಯುವಿಕೆ. ದಿನಕ್ಕೆ ಎರಡು ಮೂರು ಸಲ. ಬೈರಾಸಿನಲ್ಲಿ ಬೆರಳ ಸಂದುಗಳನ್ನೂ ಪೂರ್ತಿ ಒರಸಿ ಒಣಗಿಸಿ. ಒದ್ದೆ ಬಿಟ್ಟರೆ ಒಂದನ್ನು ಗುಣ ಮಾಡಲು ಹೋಗಿ ಫಂಗಸ್ ತಂದುಕೊಂಡ ಹಾಗೆ.

ಕೈ ತೊಳೆದು, ಮದ್ದಿನಂಗಡಿಯ ಹತ್ತಿಯಿಂದ ಹೂಬತ್ತಿಯ ತುದಿಯಷ್ಟು, 2 ಮಿ.ಮೀ. ದಪ್ಪದ ಸಣ್ಣ ಎಳೆ ಹೊಸೆಯಿರಿ. (ದೀಪದ ಬತ್ತಿಯ ಹತ್ತಿ ಬೇಡ, ಅದು ಶುಚಿಯಾಗಿರುವುದಿಲ್ಲ.) ಬಾತ ಮಾಂಸವನ್ನು ಕೈಯ ಹೆಬ್ಬೆರಳಿನಿಂದ ಉಗುರಿನಾಚೆಗೆ ಎಳೆದು ಹಿಡಿದು, ಉಗುರಿನ ಮೂಲೆಯ ಕೆಳಗೆ ಮುಂದಿನಿಂದ ಹಿಂದಕ್ಕೆ ಎಳೆಯನ್ನು ಸೇರಿಸಿ. ಮೊಂಡು ತುದಿಯ ಕಡ್ಡಿ ಸಾಕು. ಸೂಜಿ, ಪಿನ್ನು, ಬ್ಲೇಡು ಕೂಡದು. ಮೊದಲ ದಿನ ಅಂಚಿನಷ್ಟೇ ಹೋದರೂ ಸರಿ, ಎರಡು ಮೂರು ದಿನ ನೆನೆಸಿದ ಮೇಲೆ ಒಳಗೆ ಹೋಗುತ್ತದೆ. ನೋವು ಸಹಿಸಲಾರದಷ್ಟಿದ್ದರೆ ಒತ್ತಿ ತುರುಕಬೇಡಿ. ಸೋಂಕು ತಡೆಯುವ ಪೊವಿಡೋನ್ ಅಯೋಡಿನ್ ದ್ರಾವಣ ಒಂದು ಹನಿ ಹಾಕಬಹುದು. ಎಳೆಯನ್ನು ದಿನಾ ಬದಲಿಸಬೇಕು, ಒದ್ದೆಯಾದರೆ ಆಗಲೇ. ಹತ್ತಿಯ ಬದಲು ಹಲ್ಲಿನ ಸಂದು ಶುಚಿ ಮಾಡುವ ಮೇಣ ಹಚ್ಚಿದ ದಾರದ ತುಂಡನ್ನೂ ಇಡಬಹುದು. ಅದು ನೀರು ಹೀರುವುದಿಲ್ಲ, ಮಳೆಗಾಲಕ್ಕೆ ಒಳ್ಳೆಯದು.

ಹೆಚ್ಚಿನವರು ಸೋಲುವುದು ಅವಧಿಯ ಲೆಕ್ಕದಲ್ಲಿ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 1.5 ಮಿ.ಮೀ. ಮಾತ್ರ. ಮೂಲೆಯನ್ನು 4 ಮಿ.ಮೀ. ಆಳಕ್ಕೆ ಕತ್ತರಿಸಿದ್ದರೆ ಅದು ಮಾಂಸದ ಅಂಚನ್ನು ದಾಟಿ ಹೊರಬರಲು ಎರಡೂವರೆ ತಿಂಗಳಿಗೂ ಹೆಚ್ಚು ಬೇಕು. ನೋವು ಒಂದು ವಾರದಲ್ಲೇ ಕಡಿಮೆಯಾಗುತ್ತದೆ, ಹತ್ತಿ ಇಡುವುದನ್ನು ಅಲ್ಲಿಗೇ ಬಿಡುತ್ತಾರೆ, ಮೂಲೆ ಮತ್ತೆ ಇಳಿಯುತ್ತದೆ. ಮೂಲೆ ಕಣ್ಣಿಗೆ ಕಾಣುವವರೆಗೆ ಹತ್ತಿ ಇರಬೇಕು. ಇನ್ನೊಂದು ಕಡೆ, ನಾಲ್ಕೈದು ದಿನ ಸರಿಯಾಗಿ ಮಾಡಿಯೂ ನೋವು ಒಂದಿಷ್ಟೂ ಇಳಿಯದಿದ್ದರೆ ಕಾಯುತ್ತ ಕೂರಬೇಡಿ.

ಪಟ್ಟಿ ಎಳೆದು ಕಟ್ಟುವುದು

ಉಗುರನ್ನು ಎತ್ತುವ ಬದಲು ಮಾಂಸವನ್ನು ದೂರಕ್ಕೆ ಎಳೆಯುವ ಉಪಾಯವಿದು. ಹಿಗ್ಗುವ ಅಂಟುಪಟ್ಟಿ, ಅರ್ಧ ಇಂಚು ಅಗಲ, ಸುಮಾರು 8 ಸೆಂ.ಮೀ. ಉದ್ದ. ಒಂದು ತುದಿಯನ್ನು ಉಗುರಿಗೆ ತಾಗಿದಂತೆ ಬಾತ ಬದಿಯ ಮೇಲೆ ಅಂಟಿಸಿ, ಉಗುರಿನಿಂದ ಕೆಳಮುಖವಾಗಿ ಎಳೆದು, ಬೆರಳಿನ ಅಡಿಯಿಂದ ಓರೆಯಾಗಿ ತಂದು ಇನ್ನೊಂದು ಬದಿಯಲ್ಲಿ ಬೆರಳ ಬುಡದ ಮೇಲೆ ಅಂಟಿಸಬೇಕು. ಉಗುರಿಗೂ ಮಾಂಸಕ್ಕೂ ನಡುವೆ ಸಣ್ಣ ಸಂದು ತೆರೆದುಕೊಂಡರೆ ಕಟ್ಟಿದ್ದು ಸರಿ. ಬೆರಳಿನ ಸುತ್ತ ಬಳೆಯ ಹಾಗೆ ಪೂರ್ತಿ ಸುತ್ತು ಹಾಕಬಾರದು, ರಕ್ತ ನಿಲ್ಲುತ್ತದೆ. ಬೆರಳ ತುದಿ ಬಿಳುಚಿದರೆ, ಜುಮುಗುಟ್ಟಿದರೆ ಬಿಚ್ಚಿ ಸಡಿಲ ಕಟ್ಟಿ.

ಹತ್ತಿಗಿಂತ ಇದರಲ್ಲಿ ನೋವು ಕಡಿಮೆ, ಮಕ್ಕಳು ಒಪ್ಪುತ್ತಾರೆ. ಆದರೆ ನಮ್ಮ ಹವೆಗೆ ಇದು ಅಷ್ಟು ಹೊಂದುವುದಿಲ್ಲ. ಬೆವರಿಗೂ ಮಳೆಗೂ ಪಟ್ಟಿ ಅರ್ಧ ದಿನದಲ್ಲಿ ಜಾರುತ್ತದೆ. ಒಣಹವೆಯಲ್ಲಿ ಕೆಲವು ದಿನ ಉಳಿಯುವ ಪಟ್ಟಿಯನ್ನು ಕಾಸರಗೋಡಿನ ಜೂನ್‌ ಜುಲೈಯಲ್ಲಿ ದಿನಾ ಬದಲಿಸಬೇಕಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಪಟ್ಟಿ, ಉಳಿದ ದಿನಗಳಲ್ಲಿ ಹತ್ತಿ ಅಥವಾ ದಾರ ಎಂದುಕೊಳ್ಳಬಹುದು. ಅಂಟಿಸುವ ಮೊದಲು ಚರ್ಮವನ್ನು ಸ್ಪಿರಿಟಿನಿಂದ ಒರಸಿದರೆ ಹಿಡಿತ ಹೆಚ್ಚು; ಗಾಯಕ್ಕೆ ಮಾತ್ರ ತಾಗಿಸಬೇಡಿ. ಕೀವು ಇರುವಾಗ ಪಟ್ಟಿ ಬೇಡ.

ಆಸ್ಪತ್ರೆಯಲ್ಲಿ ಮಾಡುವ, ಕತ್ತರಿಸದ ಉಪಾಯಗಳು

ಕಡಿಮೆ ಜನರಿಗೆ ಗೊತ್ತಿರುವ ಒಂದು ಒಳ್ಳೆಯ ದಾರಿ ಡ್ರಿಪ್ ಟ್ಯೂಬಿನದು. ಶುಚಿಯಾದ ಹೊಸ ಟ್ಯೂಬಿನ ಸಣ್ಣ ತುಂಡನ್ನು ಉದ್ದಕ್ಕೆ ಸೀಳಿ, ಬೆರಳು ಮರಗಟ್ಟಿಸಿ, ಉಗುರಿನ ಬದಿಯ ಅಂಚಿಗೆ ಒರೆಯ ಹಾಗೆ ತೊಡಿಸುತ್ತಾರೆ. ಚೂಪಾದ ಅಂಚು ಪ್ಲಾಸ್ಟಿಕ್ಕಿನೊಳಗೆ ಸೇರಿ ಮಾಂಸ ತಾನಾಗಿ ಮಾಯುತ್ತದೆ. ಒಂದೂವರೆ ತಿಂಗಳಿಂದ ಮೂರು ತಿಂಗಳು ಇರಿಸಬೇಕು. ಉಗುರಿನ ಅಗಲ ಹಾಗೆಯೇ ಉಳಿಯುತ್ತದೆ ಎಂಬುದು ಇದರ ದೊಡ್ಡ ಗುಣ. ಉಗುರಿನ ಮೇಲೆ ತಂತಿ ಅಥವಾ ಪ್ಲಾಸ್ಟಿಕ್ ಕ್ಲಿಪ್ ಅಂಟಿಸಿ ಬಾಗಿದ ಅಂಚನ್ನು ನಿಧಾನಕ್ಕೆ ಮೇಲೆತ್ತುವ ಕ್ರಮವೂ ಇದೆ. ಕಮಾನಿನಂತೆ ಬಾಗಿದ ಉಗುರಿನವರಿಗೆ ಅದು ಹಿಡಿಸುತ್ತದೆ, ಆದರೆ ಮಾಡುವವರು ಎಲ್ಲ ಕಡೆ ಸಿಗುವುದಿಲ್ಲ. ಇದಕ್ಕಾಗಿ ಬ್ಯೂಟಿ ಪಾರ್ಲರಿನ ಪೆಡಿಕ್ಯೂರಿಗೆ ಹೋಗಬೇಡಿ. ಅಲ್ಲಿ ಮೂಲೆ ತೋಡಿ ತೆಗೆಯುತ್ತಾರೆ, ಮನೆಯಲ್ಲಿ ಮಾಡುವ ತಪ್ಪೇ ಅದು.

ಶಸ್ತ್ರಚಿಕಿತ್ಸೆ: ಇಡೀ ಉಗುರೋ, ಅಂಚು ಮಾತ್ರವೋ

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಆಯ್ಕೆ ಇದು. ಉಗುರು ತೆಗೆಸಬೇಕು ಎಂದಾಕ್ಷಣ ಹೆಚ್ಚಿನವರು ತಲೆಯಾಡಿಸಿ ಮಲಗುತ್ತಾರೆ, ಯಾವ ಬಗೆ ಎಂದು ಕೇಳುವುದಿಲ್ಲ.

ಇಡೀ ಉಗುರನ್ನು ಕಿತ್ತರೆ ಮುಳ್ಳು ಹೋಗುತ್ತದೆ, ನಿಜ. ಆದರೆ ಬೇರು ಹಾಗೆಯೇ ಇರುವುದರಿಂದ ಉಗುರು ಮತ್ತೆ ಬರುತ್ತದೆ. ಪೂರ್ತಿ ಬರಲು 12ರಿಂದ 18 ತಿಂಗಳು. ಅಷ್ಟರಲ್ಲಿ ಮೇಲೆ ಒತ್ತುವ ಉಗುರಿಲ್ಲದೆ ಬೆರಳ ತುದಿಯ ಮಾಂಸ ಮೇಲಕ್ಕೆ ಉಬ್ಬಿಕೊಳ್ಳುತ್ತದೆ, ಹೊಸ ಉಗುರು ಆ ಗೋಡೆಗೆ ಮುಂದಿನಿಂದ ಡಿಕ್ಕಿ ಹೊಡೆಯುತ್ತದೆ. ಎಷ್ಟೋ ಜನರಿಗೆ ಇದೇ ತೊಂದರೆ ಮರುಕಳಿಸುತ್ತದೆ, ಕೆಲವರಿಗೆ ಉಗುರು ದಪ್ಪವಾಗಿ ಸೊಟ್ಟಗೆ ಬೆಳೆಯುತ್ತದೆ. ಬರೀ ಒಳಬೆಳೆದ ಅಂಚಿಗಾಗಿ ಇಡೀ ಉಗುರು ಕೀಳಿಸುವುದನ್ನು ನಾವು ಒಪ್ಪುವುದಿಲ್ಲ.

ಅಂಚು ಮಾತ್ರ ತೆಗೆಯುವ ಕ್ರಮದಲ್ಲಿ ಬೆರಳ ಬುಡದ ಎರಡೂ ಬದಿಗೆ ಲಿಗ್ನೋಕೇನ್ ಚುಚ್ಚುತ್ತಾರೆ. ನಿಜವಾಗಿ ನೋಯುವುದು ಈ ಚುಚ್ಚುವಿಕೆ ಮಾತ್ರ. 5–10 ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ಆಮೇಲೆ ಬೆರಳ ಬುಡಕ್ಕೆ ರಬ್ಬರು ಪಟ್ಟಿ ಬಿಗಿದು, ಇಳಿದ ಬದಿಯಲ್ಲಿ 3–4 ಮಿ.ಮೀ. ಅಗಲದ ಪಟ್ಟೆಯನ್ನು ತುದಿಯಿಂದ ಚರ್ಮದಡಿಯ ಬುಡದವರೆಗೆ ಸೀಳಿ ಹೊರಗೆಳೆಯುತ್ತಾರೆ. ಉಳಿದ ಉಗುರು ಹಾಗೆಯೇ ಇರುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಆ ಪಟ್ಟೆ ಮತ್ತೆ ಬೆಳೆಯುತ್ತದೆ, ತೊಂದರೆಯೂ ಮರಳಬಹುದು. ಅದಕ್ಕೇ ಆ ಪಟ್ಟೆಯ ಬೇರಿಗೆ 80ರಿಂದ 88 ಶೇಕಡಾದ ಫೀನಾಲ್ ಅನ್ನು ಹತ್ತಿಯ ಕಡ್ಡಿಯಲ್ಲಿ ಒಟ್ಟು ಒಂದರಿಂದ ಮೂರು ನಿಮಿಷ ಒತ್ತಿ ಹಿಡಿದು ಸುಡುತ್ತಾರೆ. ಅಷ್ಟು ಅಗಲಕ್ಕೆ ಉಗುರು ಇನ್ನು ಬರುವುದಿಲ್ಲ. ಫೀನಾಲ್ ಸೇರಿಸಿದರೆ ಮರುಕಳಿಕೆ ಬಹಳ ಕಡಿಮೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ತೆರಬೇಕಾದ ಬೆಲೆ ಎರಡು: ಉಗುರು ಸ್ವಲ್ಪ ಕಿರಿದಾಗುತ್ತದೆ, ಫೀನಾಲಿನ ಸುಟ್ಟಗಾಯ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ನೀರಾಗಿ ಒಸರುತ್ತದೆ. ಈ ಒಸರು ಕೀವಲ್ಲ. ನೋವು, ಕೆಂಪು, ವಾಸನೆ ಹೆಚ್ಚುತ್ತ ಹೋದರೆ ಮಾತ್ರ ಸೋಂಕೆಂದು ತಿಳಿಯಬೇಕು.

ಆದ್ದರಿಂದ ಕಾಸರಗೋಡಿನ ಜನರಲ್ ಆಸ್ಪತ್ರೆಯಾಗಲಿ, ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಾಗಲಿ, ಮಂಗಳೂರಿನ ಖಾಸಗಿ ಆಸ್ಪತ್ರೆಯಾಗಲಿ, ಎರಡು ಮಾತು ಕೇಳಿ: ‘ಡಾಕ್ಟ್ರೇ, ಇಡೀ ಉಗುರು ತೆಗೆಯುತ್ತೀರಾ, ಬದಿ ಮಾತ್ರವಾ? ಬೇರಿಗೆ ಫೀನಾಲ್ ಹಾಕುತ್ತೀರಾ?’ ಬೇರನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸಕರೂ ಇದ್ದಾರೆ. ನುರಿತ ಕೈಯಲ್ಲಿ ಅದೂ ಒಳ್ಳೆಯದೇ, ಹೊಲಿಗೆ ಇರುವುದರಿಂದ ಮೊದಲ ದಿನಗಳ ನೋವು ತುಸು ಹೆಚ್ಚು. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು, ಫೀನಾಲ್ ಹಾಕಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಮಾತ್ರೆಯ ಚೀಟಿಯನ್ನೇ ಒಯ್ಯಿರಿ. ಕುಟುಂಬಾರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಿ ಚೀಟಿ ಬರೆಸಿಕೊಂಡು, ಶಸ್ತ್ರಚಿಕಿತ್ಸಕರು ಇರುವ ದಿನ ಕೇಳಿಕೊಂಡು ಹೋದರೆ ಎರಡು ಸಲ ಬಸ್ಸು ಹಿಡಿಯುವುದು ತಪ್ಪುತ್ತದೆ.

ಅದೇ ದಿನ ಮನೆಗೆ ಬರಬಹುದು, ಬೈಕು ಬಿಡಬೇಡಿ: ಮರಗಟ್ಟಿದ ಬೆರಳಿಗೆ ಗೇರು, ಬ್ರೇಕು ತಿಳಿಯುವುದಿಲ್ಲ. ಆ ದಿನ ಕಾಲು ಎತ್ತರದಲ್ಲಿ ಇಟ್ಟುಕೊಂಡರೆ ಮಿಡಿತ ಕಡಿಮೆ. ಒಂದೆರಡು ದಿನಕ್ಕೆ ಕಟ್ಟು ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಣಗಿಸಿ, ವೈದ್ಯರು ಹೇಳಿದ ಮುಲಾಮು ಹಚ್ಚಿ ಹೊಸ ಕಟ್ಟು. ಆಮೇಲೆ ದಿನಾ ಹೀಗೆಯೇ.

ಯಾವಾಗ ಮಾಡಿಸುವುದು

ಹಂತ ಒಂದರಲ್ಲಿದ್ದು ವರ್ಷಕ್ಕೆ ಎರಡು ಮೂರು ಸಲ ಮರಳುವ ಬೆರಳಾದರೆ ಶಸ್ತ್ರಚಿಕಿತ್ಸೆಗೆ ಮಳೆ ಕಳೆದ ಮೇಲಿನ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ತೋಟಕ್ಕೆ ಇಳಿಯದೆ ಇರಲಾಗುವುದಿಲ್ಲ. ಹಸಿ ಗಾಯವನ್ನು ಗಂಬೂಟಿನೊಳಗೆ ಬೇಯಿಸುವುದೂ, ಆ ಮದ್ದಾದ ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತು ಅದಕ್ಕೆ ತಾಗುವುದೂ ಎರಡೂ ಕೆಟ್ಟದ್ದು. ಆದರೆ ಹಸಿ ಮಾಂಸ ಬೆಳೆದ ಬೆರಳಿಗೆ, ಕೀವು ನಿಲ್ಲದ ಬೆರಳಿಗೆ ಅಕ್ಟೋಬರ್ ಕಾಯಬಾರದು. ಎರಡು ಮೂರು ವಾರ ತೋಟದ ಕೆಲಸಕ್ಕೆ ಬೇರೆ ಜನ ಗೊತ್ತು ಮಾಡಿಕೊಂಡು ಮಾಡಿಸಿಬಿಡಿ.

ಗಾಯವಿರುವ ಕಾಲನ್ನು ಗದ್ದೆಯ, ತೋಡಿನ, ತೋಟದ ಕಟ್ಟುನೀರಿಗೆ ಇಳಿಸುವುದರಲ್ಲಿ ಇನ್ನೊಂದು ಅಪಾಯ ಇಲಿ ಜ್ವರ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಒಡೆದ ಚರ್ಮದ ಮೂಲಕ ಒಳಸೇರುತ್ತದೆ. ಕೆಸರಿನಲ್ಲಿ ದುಡಿಯುವವರಿಗೆ ಕೇರಳದ ಆರೋಗ್ಯ ಇಲಾಖೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ. ಕೊಡುತ್ತದೆ, ಗಾಯವಿದ್ದೂ ಇಳಿಯಲೇಬೇಕಾದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ ತೆಗೆದುಕೊಳ್ಳಿ. ಕೊಳಕಾದ ಗಾಯಕ್ಕೆ, ಹಿಂದಿನ ಟೆಟನಸ್ ಚುಚ್ಚುಮದ್ದು ಆಗಿ 5 ವರ್ಷ ದಾಟಿದ್ದರೆ ಮತ್ತೊಂದು ಬೇಕು.

ಜ್ವರ ಬಂದರೆ, ಕೆಂಪು ಬೆರಳು ದಾಟಿ ಪಾದಕ್ಕೆ ಹಬ್ಬಿದರೆ, ಗೆರೆಯಂತೆ ಮೇಲಕ್ಕೆ ಏರಿದರೆ ಅದೇ ದಿನ ಆಸ್ಪತ್ರೆ. ಮಾಂಸದ ಬೆಳವಣಿಗೆ ಚಿಕಿತ್ಸೆಯ ನಂತರವೂ ಮಾಯದಿದ್ದರೆ, ಉಗುರಿನಡಿ ಕಪ್ಪು ಗೆರೆ ಅಗಲವಾಗುತ್ತಿದ್ದರೆ ಅದು ಒಳಬೆಳೆದ ಉಗುರೇ ಆಗಿರಬೇಕೆಂದಿಲ್ಲ. ಅಪರೂಪಕ್ಕೆ ಕ್ಯಾನ್ಸರ್ ಕೂಡ ಹೀಗೆ ಕಾಣುತ್ತದೆ, ತುಣುಕು ತೆಗೆದು ಪರೀಕ್ಷಿಸಬೇಕು.

ಬಾರದ ಹಾಗೆ

ಸ್ನಾನದ ನಂತರ ಉಗುರು ಮೆತ್ತಗಿರುವಾಗ, ನೇರ ಬಾಯಿಯ ದೊಡ್ಡ ಕಟ್ಟರಿನಲ್ಲಿ, ಅಡ್ಡಕ್ಕೆ ನೇರವಾಗಿ, ಮೂರು ನಾಲ್ಕು ಸಣ್ಣ ಕಚ್ಚುಗಳಲ್ಲಿ ಕತ್ತರಿಸಿ. ಕೈಯುಗುರಿನ ಸಣ್ಣ ಕಟ್ಟರಿನ ಬಾಯಿ ಒಳಬಾಗಿದ್ದು, ಅದು ತಾನಾಗಿ ಮೂಲೆಯನ್ನು ತಿನ್ನುತ್ತದೆ. 1–2 ಮಿ.ಮೀ. ಬಿಳಿ ಅಂಚು ಉಳಿಯಲಿ. ಎರಡೂ ಮೂಲೆಗಳು ಚರ್ಮದ ಮೇಲೆ ಕಣ್ಣಿಗೆ ಕಾಣುತ್ತಿರಲಿ. ಮೂಲೆ ಕಾಲುಚೀಲಕ್ಕೆ ಸಿಕ್ಕಿಕೊಂಡರೆ ಅರದಿಂದ ಉಜ್ಜಿ ಮೊಂಡು ಮಾಡಿ, ಕತ್ತರಿಸಬೇಡಿ. ಕೈಯಿಂದ ಹರಿದು ತೆಗೆಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದು, ಹರಿದ ಅಂಚಿನಲ್ಲಿ ಚೂಪು ಉಳಿದೇ ಉಳಿಯುತ್ತದೆ. ಕಣ್ಣು ಮಂಜಾದ, ಬಗ್ಗಲಾರದ ಅಜ್ಜ ಅಜ್ಜಿಯರ ಉಗುರನ್ನು ಮನೆಯ ಇನ್ನೊಬ್ಬರು ಕತ್ತರಿಸಿಕೊಡಬೇಕು.

ಚಪ್ಪಲಿ, ಬೂಟುಗಳನ್ನು ಸಂಜೆ ಕೊಳ್ಳಿ, ಪಾದ ಆಗ ಬಾತಿರುತ್ತದೆ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಬೇಕು, ಬೆರಳುಗಳು ಒಳಗೆ ಆಡಬೇಕು. ಬಿಗಿಯಾದ ಉಂಗುಟವಿರುವ ಚಪ್ಪಲಿ ಹೆಬ್ಬೆರಳಿನ ಬದಿಯನ್ನು ದಿನವಿಡೀ ಉಗುರಿಗೆ ಒತ್ತುತ್ತದೆ. ಮುರಕಲ್ಲಿನ ಮೆಟ್ಟಿಲಿಗೆ ಎಡವಿ ಉಗುರು ಸೀಳಿದರೆ ಸೀಳನ್ನು ಎಳೆಯದೆ, ಅಂಟುಪಟ್ಟಿಯಿಂದ ಮುಚ್ಚಿ, ಬೆಳೆದು ಬಂದ ಮೇಲೆ ಕತ್ತರಿಸಿ.

ಹದಿಹರೆಯದವರಲ್ಲಿ ಇದು ಹೆಚ್ಚು: ಪಾದ ಬೇಗ ಬೆಳೆಯುತ್ತದೆ, ಬೆವರುತ್ತದೆ, ಕಳೆದ ವರ್ಷದ ಬೂಟು ಇನ್ನೂ ಚೆನ್ನಾಗಿದೆ ಎಂದು ಅದೇ ನಡೆಯುತ್ತದೆ. ಇಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಜೂನ್ ತಿಂಗಳಿನಲ್ಲೇ. ಮೇ ಕೊನೆಗೆ ಬೂಟು ತೊಡಿಸಿ ಮುಂದಿನ ಜಾಗ ಒತ್ತಿ ನೋಡಿ. ಎರಡು ಜತೆ ಕಾಲುಚೀಲ ಚೀಲದಲ್ಲಿರಲಿ, ಒದ್ದೆಯಾದದ್ದನ್ನು ಶಾಲೆಯಲ್ಲೇ ಬದಲಿಸಲಿ. ಮೊಡವೆಗೆ ಐಸೊಟ್ರೆಟಿನೋಯಿನ್ ತೆಗೆದುಕೊಳ್ಳುವ ಮಕ್ಕಳಿಗೆ ಉಗುರಿನ ಬದಿ ಬಾಯುವುದು ಆ ಮದ್ದಿನಿಂದಲೂ ಇರಬಹುದು, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಮನೆಗೆ ಬಂದ ಒದ್ದೆ ಬೂಟಿನ ಒಳಹಾಳೆ ಹೊರತೆಗೆದು, ಹಳೆಯ ಪೇಪರು ಮುದ್ದೆ ಮಾಡಿ ತುರುಕಿ, ಒಂದೆರಡು ಗಂಟೆ ಬಿಟ್ಟು ಪೇಪರು ಬದಲಿಸಿದರೆ ಮರುದಿನ ಬೆಳಿಗ್ಗೆಗೆ ಹೆಚ್ಚುಕಡಿಮೆ ಒಣಗಿರುತ್ತದೆ.